ಮಾವನ ಟ್ರಂಕಿನ ಗಗನಯಾತ್ರಿಗಳು

ಮುಂಬಯಿಗೆ ಬಂದು ನೆಲೆಸಿದ ನಮ್ಮ ಕಡೆಯವರ ಮನೆಗಳಲ್ಲಿ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಒಳಗೆ ಏನಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಊರಿನ ಜಮೀನಿನ ಹಳೆಯ ಪಹಣಿ, ರದ್ದಾದ ರೇಷನ್ ಕಾರ್ಡು, ತೀರಿಹೋದವರ ಕನ್ನಡಕ, ಯಾರದೋ ಮದುವೆಯ ಕರೆಯೋಲೆ, ದಾರ ಕಟ್ಟಿಟ್ಟ ಒಂದು ಕಟ್ಟು ಇನ್‌ಲ್ಯಾಂಡ್ ಲೆಟರು. ಮಾಟುಂಗಾದಲ್ಲಿದ್ದ ನನ್ನ ಸೋದರಮಾವನ ಟ್ರಂಕಿನಲ್ಲಿ ಇವೆಲ್ಲದರ ಜೊತೆಗೆ ಗಗನಯಾತ್ರಿಗಳೂ ಇದ್ದರು.

ಮಾವ ಕುಮಟೆಯಿಂದ ಮುಂಬಯಿಗೆ ಬಂದದ್ದು 1955ರಲ್ಲಿ. ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ಮುಂದೆ ರೈಲು. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. "ನಾನು ಹೊರನಾಡಿಗೆ ಬಂದವ ಅಲ್ಲ ಮಾರಾಯ, ನಮ್ಮ ರಾಜಧಾನಿಗೆ ಬಂದವ. 1956ರ ನವೆಂಬರ್ ಒಂದನೇ ತಾರೀಕು ಬೆಳಿಗ್ಗೆ ಎದ್ದು ನೋಡ್ತೇನೆ, ಮಲಗಿದ ಚಾಪೆಯಲ್ಲೇ ಹೊರನಾಡ ಕನ್ನಡಿಗ ಆಗಿಬಿಟ್ಟಿದ್ದೆ" ಎಂದು ನಗುತ್ತಿದ್ದರು. ಹಗಲು ಉಡುಪಿ ಹೋಟೆಲಿನಲ್ಲಿ ಬಿಲ್ಲು ಬರೆಯುವ ಕೆಲಸ, ಸಂಜೆಯ ಮೇಲೆ ರಾತ್ರಿಶಾಲೆ, ಅದು ಮುಗಿದ ಮೇಲೆ ಟೈಪಿಂಗ್ ಕ್ಲಾಸು. ಹೀಗೆ ಓದಿಕೊಂಡು ಬಲ್ಲಾರ್ಡ್ ಪಿಯರ್‌ನ ಹಡಗು ಏಜೆಂಟರ ಕಚೇರಿಯೊಂದರಲ್ಲಿ ಟೈಪಿಸ್ಟ್ ಆದರು. ಆ ಕಚೇರಿಗೆ ರಷ್ಯದ ಹಡಗುಗಳ ಕೆಲಸವೂ ಬರುತ್ತಿತ್ತು. ಅಲ್ಲಿಂದಲೇ ಈ ಕಥೆ ಶುರು.

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳ ಯಾತ್ರೆ ಮಾಡಿ, ಭೂಮಿಗೆ ಒಂದು ಸುತ್ತು ಬಂದು ಇಳಿದರು. ಅದೇ ವರ್ಷ ನವೆಂಬರ್ ಕೊನೆಯಲ್ಲಿ ಅವರು ಭಾರತಕ್ಕೆ ಬಂದರು. ದೆಹಲಿಯ ನಂತರ ಬೇರೆ ಊರುಗಳನ್ನೂ ನೋಡಿದರು, ಡಿಸೆಂಬರ್ ಮೊದಲ ವಾರದಲ್ಲಿ ಮುಂಬಯಿಗೂ ಬಂದರು. ಬೀದಿಯಲ್ಲಿ ನಿಂತವರಲ್ಲಿ ಮಾವನೂ ಒಬ್ಬರು. "ನಾನು ಕಂಡದ್ದು ಒಂದು ಟೋಪಿ, ಬೀಸುವ ಒಂದು ಕೈ. ಅಷ್ಟೇ. ಮುಖ ಮರುದಿನದ ಪೇಪರಿನಲ್ಲಿ ನೋಡಿದೆ" ಎನ್ನುತ್ತಿದ್ದರು. ಆದರೆ ಕಚೇರಿಯ ಸಾಹೇಬರಿಗೆ ಸತ್ಕಾರಕೂಟಕ್ಕೆ ಕರೆ ಬಂದಿತ್ತು. ಅವರು ಹೋಗುವಾಗ ಎರಡು ಪಿಕ್ಚರ್ ಪೋಸ್ಟ್‌ಕಾರ್ಡು ಜೇಬಿನಲ್ಲಿಟ್ಟುಕೊಂಡು ಹೋಗಿ ಎರಡಕ್ಕೂ ಸಹಿ ಹಾಕಿಸಿಕೊಂಡರಂತೆ. ಒಂದನ್ನು ಮಗನಿಗೆ ಇಟ್ಟುಕೊಂಡು, ಇನ್ನೊಂದನ್ನು ಮರುದಿನ ಟೈಪ್‌ರೈಟರಿನ ಮೇಲೆ ಇಟ್ಟು ಹೋದರು. ಮುಂದೆ ಗೇಟ್‌ವೇ ಆಫ್ ಇಂಡಿಯಾದ ಚಿತ್ರ. ಹಿಂದೆ ನೀಲಿ ಇಂಕಿನಲ್ಲಿ ರಷ್ಯನ್ ಲಿಪಿಯ ಒಂದು ಸಹಿ. ತಾರೀಕಿಲ್ಲ, ಊರಿನ ಹೆಸರಿಲ್ಲ, ಯಾರಿಗೆ ಎಂದು ಇಲ್ಲ. ಅಂಗೈ ಮೇಲಿಟ್ಟು ಬರೆದದ್ದಿರಬೇಕು, ಕೊನೆಯ ಅಕ್ಷರದ ಬಾಲ ಸ್ವಲ್ಪ ಜಾರಿದೆ.

ಎರಡನೆಯದು ಅಮೆರಿಕದ್ದು. ಚಂದ್ರನ ಮೇಲೆ ಇಳಿದುಬಂದ ಮೇಲೆ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ ಅವರ ಸರಕಾರ ವಿಶ್ವಪ್ರವಾಸಕ್ಕೆ ಕಳಿಸಿತ್ತು. 1969ರ ಅಕ್ಟೋಬರ್ 26, ಭಾನುವಾರ, ಅವರು ಮುಂಬಯಿಯಲ್ಲಿದ್ದರು. ಮಾವ ಆ ಸಲವೂ ಜನಜಂಗುಳಿಯ ಹಿಂದೆಯೇ ನಿಂತರು. ಮನೆಗೆ ಬಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ಹ್ಯೂಸ್ಟನ್ ವಿಳಾಸಕ್ಕೆ, ಒಂದೂ ತಪ್ಪಿಲ್ಲದ ಟೈಪಿಸ್ಟ್ ಇಂಗ್ಲಿಷಿನಲ್ಲಿ, ಒಂದು ಕಾಗದ ಬರೆದು ಹಾಕಿದರು. ನಾಲ್ಕು ತಿಂಗಳ ಮೇಲೆ ದಪ್ಪ ಲಕೋಟೆಯೊಂದು ಬಂತು. ಒಳಗೆ ಬಿಳಿಯ ಪೋಷಾಕಿನ ಮೂವರು, ಹಿಂದೆ ಚಂದ್ರ, ಕೆಳಗೆ ಮೂರು ಸಹಿ. ಆ ವಾರ ಇಡೀ ಚಾಳಿನ ಜನ ಮಾವನ ಖೋಲಿಗೆ ಬಂದು ನೋಡಿಕೊಂಡು ಹೋದರಂತೆ. ಮಾವ ಚಿತ್ರಕ್ಕೆ ಕಟ್ಟು ಹಾಕಿಸಿದರು. ಲಕೋಟೆಯನ್ನೂ ಎಸೆಯದೆ ಟ್ರಂಕಿನಲ್ಲಿಟ್ಟರು.

ನಾನು ಬ್ಯಾಂಕಿನ ಕೆಲಸ ಸಿಕ್ಕಿ ಮುಂಬಯಿಗೆ ಬಂದದ್ದು 1978ರಲ್ಲಿ. ಮನೆ ಸಿಗುವ ತನಕ ಮಾವನ ಖೋಲಿಯಲ್ಲೇ ಇದ್ದೆ. ರಜೆಯ ದಿನ ಮಾವ ನನ್ನನ್ನು ಫೋರ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ಜಿಪಿಒದ ಅಂಚೆಚೀಟಿ ಕೌಂಟರು, ಹೊರಗೆ ಫುಟ್‌ಪಾತಿನಲ್ಲಿ ಸ್ಟ್ಯಾಂಪು ಮಾರುವವರು, ಯಾವಾಗಲಾದರೊಮ್ಮೆ ಚೋರ್ ಬಜಾರಿನ ಮಟನ್ ಸ್ಟ್ರೀಟು. ರಷ್ಯದ, ಹಂಗೆರಿಯ, ಪೋಲೆಂಡಿನ ಆಕಾಶನೌಕೆಯ ಸ್ಟ್ಯಾಂಪುಗಳು ಬಿಡಿಗಾಸಿಗೆ ಸಿಗುತ್ತಿದ್ದವು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ, ಮಾಲಿಶೆವ್ ಮತ್ತು ಸ್ಟ್ರೆಕಾಲೋವ್ ಜೊತೆ ಸೋಯುಜ್ ಹತ್ತಿದ ದಿನ ನಮ್ಮ ಅಂಚೆ ಇಲಾಖೆಯೂ ಒಂದು ಸ್ಟ್ಯಾಂಪು ತಂದಿತು. ನಾವಿಬ್ಬರೂ ಕೌಂಟರಿನ ಎದುರು ಸಾಲಿನಲ್ಲಿ ನಿಂತಿದ್ದೆವು. ಹಾಗೆ ಮಾವನ ಹುಚ್ಚು ನನಗೂ ಅಂಟಿತು.

ಈ ಹುಚ್ಚಿನ ಬಗ್ಗೆ ಎರಡು ಮಾತು ಹೇಳಬೇಕು. ಯಾಕೆಂದರೆ ಊರಿನಲ್ಲಿ ಯಾರಿಗೆ ಹೇಳಿದರೂ, "ಸಹಿ ಇಟ್ಕೊಂಡು ಎಂಥ ಮಾಡೂದು?" ಎಂದೇ ಕೇಳುತ್ತಾರೆ.

ಅಪೊಲೊ 11ರ ಮೂವರು ಹೊರಡುವ ಮೊದಲು ನೂರಾರು ಲಕೋಟೆಗಳಿಗೆ ಸಹಿ ಹಾಕಿ ಹೋಗಿದ್ದರು. ಚಂದ್ರನಿಗೆ ಹೋಗುವವನಿಗೆ ದೊಡ್ಡ ಮೊತ್ತದ ಜೀವವಿಮೆ ಸಿಗುವುದು ಸುಲಭವಿರಲಿಲ್ಲ. ಉಡಾವಣೆಯ ದಿನ, ಚಂದ್ರನ ಮೇಲೆ ಇಳಿದ ದಿನ, ಸ್ನೇಹಿತನೊಬ್ಬ ಆ ಲಕೋಟೆಗಳಿಗೆ ಅಂಚೆಯ ಮುದ್ರೆ ಹಾಕಿಸಿಕೊಂಡು ಬಂದು ಅವರವರ ಮನೆಗೆ ಮುಟ್ಟಿಸುವುದು ಎಂದು ಮಾತಾಗಿತ್ತು. ತಾವು ತಿರುಗಿ ಬರದಿದ್ದರೆ ಹೆಂಡತಿ ಮಕ್ಕಳು ಅವನ್ನು ಮಾರಿ ಬದುಕಲಿ ಎಂದು. ಇವಕ್ಕೆ ಸಂಗ್ರಾಹಕರಲ್ಲಿ ಇನ್ಶೂರೆನ್ಸ್ ಕವರ್ ಎಂದೇ ಹೆಸರು. ಮುಂದಿನ ಕೆಲವು ಯಾತ್ರೆಗಳವರೂ ಹೀಗೇ ಮಾಡಿದರು. ದೂರ ಹೊರಟವರು ಮನೆಗೆ ಏನು ಬಿಟ್ಟುಹೋಗಬಲ್ಲರು ಎಂದು ಯೋಚಿಸಿದರೆ, ಸಹಿಯನ್ನು ಬರೀ ಗೀಚು ಎನ್ನಲು ಮನಸ್ಸಾಗುವುದಿಲ್ಲ.

ಕೆಲವು ಸಹಿಗಳು ಅಪರೂಪವಾದದ್ದಕ್ಕೆ ಕಾರಣ ಸಾವು. 1967ರ ಜನವರಿ 27ರಂದು ನೆಲದ ಮೇಲಿನ ತಾಲೀಮಿನಲ್ಲೇ ಅಪೊಲೊ 1ರ ಒಳಗೆ ಬೆಂಕಿ ಹತ್ತಿ ಗ್ರಿಸಮ್, ವೈಟ್, ಚಾಫಿ ತೀರಿಕೊಂಡರು. ಚಾಫಿ ಒಮ್ಮೆಯೂ ಆಕಾಶಕ್ಕೆ ಹೋಗಿರಲಿಲ್ಲ. ಹೆಸರಾಗುವ ಮೊದಲೇ ಹೋದವನ ಸಹಿ ಹೆಚ್ಚು ಉಳಿಯುವುದಾದರೂ ಹೇಗೆ? ಗಗಾರಿನ್ ಕೂಡ 1968ರ ಮಾರ್ಚ್ 27ರಂದು ವಿಮಾನ ಅಪಘಾತದಲ್ಲಿ ಹೋದರು, ವಯಸ್ಸು ಬರೀ 34. ಲೋಕಕ್ಕೆ ಹೆಸರು ಗೊತ್ತಾದ ಮೇಲೆ ಏಳು ವರ್ಷವೂ ಅವರು ಬದುಕಲಿಲ್ಲ.

ದುಡ್ಡಿನ ಆಸೆಯ ಕಥೆಗಳೂ ಇವೆ. 1971ರಲ್ಲಿ ಅಪೊಲೊ 15ರವರು ಅನುಮತಿ ಇಲ್ಲದೆ ಸುಮಾರು 400 ಲಕೋಟೆಗಳನ್ನು ಚಂದ್ರನಿಗೆ ಒಯ್ದು ತಂದರು. ಅದರಲ್ಲಿ ನೂರು ಜರ್ಮನಿಯ ವ್ಯಾಪಾರಿಯೊಬ್ಬನ ಕೈ ಸೇರಿ, ಒಂದೊಂದೂ ಸುಮಾರು 1,500 ಡಾಲರಿನಂತೆ ಮಾರಾಟವಾದವು. 1972ರಲ್ಲಿ ಸುದ್ದಿ ಹೊರಬಿದ್ದು ಮೂವರಿಗೂ ಛೀಮಾರಿಯಾಯಿತು. ಅವರು ಮತ್ತೆ ಆಕಾಶ ಕಾಣಲಿಲ್ಲ. ಆರ್ಮ್‌ಸ್ಟ್ರಾಂಗ್ ಅಂತೂ ತಮ್ಮ ಸಹಿ ಮಾರಾಟವಾಗುವುದನ್ನು, ಖೊಟ್ಟಿ ಸಹಿಗಳು ಹುಟ್ಟುವುದನ್ನು ನೋಡಿ ಬೇಸತ್ತು 1994ರಲ್ಲಿ ಸಹಿ ಹಾಕುವುದನ್ನೇ ನಿಲ್ಲಿಸಿದರು. 2005ರಲ್ಲಿ ಅವರ ಕ್ಷೌರಿಕ ಅವರ ಕೂದಲನ್ನೇ 3,000 ಡಾಲರಿಗೆ ಮಾರಿದ ಸುದ್ದಿ ಓದಿ ಮಾವ, "ಸಹಿ ಕೊಡದಿದ್ರೆ ತಲೆಗೇ ಕೈ ಹಾಕ್ತಾರೆ" ಎಂದು ಹೊಟ್ಟೆ ಹಿಡಿದು ನಕ್ಕಿದ್ದರು.

ಈ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಮಾಯಾವಿ ಎಂದರೆ ಆಟೋಪೆನ್ ಎಂಬ ಯಂತ್ರ. ಮನುಷ್ಯ ಹಾಕಿದ ಒಂದು ಸಹಿಯಿಂದ ಅಚ್ಚು ಮಾಡಿಕೊಳ್ಳುತ್ತಾರೆ. ಯಂತ್ರದ ತೋಳು ಆ ಅಚ್ಚಿನ ಗುಂಟ ಚಲಿಸುತ್ತ, ಹಿಡಿದ ಪೆನ್ನಿನಿಂದ ಕಾಗದದ ಮೇಲೆ ಬರೆಯುತ್ತದೆ. ಪೆನ್ನು ನಿಜ, ಇಂಕೂ ನಿಜ. ಕೈ ಮಾತ್ರ ಇಲ್ಲ. ಸಾವಿರಾರು ಅಭಿಮಾನಿಗಳ ಕಾಗದಕ್ಕೆ ಉತ್ತರ ಕಳಿಸಬೇಕಾದ ಕಚೇರಿಗೆ ಇದು ಅನಿವಾರ್ಯವಾಗಿತ್ತು. ಗುರುತಿಸುವುದು ಹೇಗೆ? ಮನುಷ್ಯ ಎರಡು ಸಲ ಹಾಕಿದ ಸಹಿ ಒಂದರ ಮೇಲೊಂದು ಇಟ್ಟರೆ ಎಂದೂ ಸರಿಯಾಗಿ ಕೂರುವುದಿಲ್ಲ. ಯಂತ್ರದ್ದು ಕೂದಲೆಳೆಯಷ್ಟೂ ತಪ್ಪದೆ ಕೂರುತ್ತದೆ. ಗೆರೆಯ ದಪ್ಪ ಮೊದಲಿನಿಂದ ಕೊನೆಯ ತನಕ ಒಂದೇ, ಶುರುವಿನಲ್ಲಿ ಕೊನೆಯಲ್ಲಿ ಪೆನ್ನು ನಿಂತಲ್ಲಿ ಒಂದು ಚುಕ್ಕೆ, ತಿರುವಿನಲ್ಲಿ ಸಣ್ಣ ನಡುಕ. ಯಾವ ಗಗನಯಾತ್ರಿಯ ಅಚ್ಚುಗಳು ಯಾವುವು ಎಂದು ಸಂಗ್ರಾಹಕರು ಪಟ್ಟಿಯನ್ನೇ ಮಾಡಿಟ್ಟಿದ್ದಾರೆ.

2004ರಲ್ಲಿ ಡೊಂಬಿವಿಲಿಯ ಸೈಬರ್ ಕೆಫೆಯೊಂದರಲ್ಲಿ ಆ ಅಚ್ಚುಗಳ ಚಿತ್ರ ಸಿಕ್ಕಿತು. ಅಳತೆ ಸರಿಮಾಡಿ ಪ್ರಿಂಟು ತೆಗೆಸಿಕೊಂಡು ಮಾಟುಂಗಾಕ್ಕೆ ಹೋದೆ. ಮಾವನ ಕಟ್ಟು ಬಿಚ್ಚಿ ಚಿತ್ರವನ್ನು ಕಿಟಕಿಯ ಗಾಜಿಗೆ ಹಿಡಿದು, ಪ್ರಿಂಟನ್ನು ಮೇಲಿಟ್ಟು ನೋಡಿದೆವು. ಮೂರು ಸಹಿಯೂ ಸರಿಯಾಗಿ ಕೂತವು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮೂವತ್ತನಾಲ್ಕು ವರ್ಷ ಗೋಡೆಯ ಮೇಲಿದ್ದ ಚಿತ್ರ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಂತ್ರಕ್ಕೆ ಕಾಗದ ಇಟ್ಟವನಾದ್ರೂ ಮನುಷ್ಯನೇ ಅಲ್ವೋ? ನನ್ನ ವಿಳಾಸ ಬರೆದವನೂ ಮನುಷ್ಯ. ಅಂಚೆ ಖರ್ಚೂ ಅವರದ್ದೇ" ಎಂದರು. ಚಿತ್ರ ಮತ್ತೆ ಗೋಡೆಗೇ ಹೋಯಿತು.

ನೋಡಿ ಎಂಥ ವಿಚಿತ್ರ. ಲಕೋಟೆ, ಅಂಚೆಯ ಮುದ್ರೆ, ಕಳಿಸಿದವರ ವಿಳಾಸ, ಎಲ್ಲ ದಾಖಲೆ ಇದ್ದ ಸಹಿ ಯಂತ್ರದ್ದಾಗಿತ್ತು. ತಾರೀಕೂ ಇಲ್ಲದ, ಬಾಯಿಮಾತಿನ ಹೊರತು ಏನೂ ಆಧಾರವಿಲ್ಲದ ಪೋಸ್ಟ್‌ಕಾರ್ಡು ಯಾವ ಅಚ್ಚಿಗೂ ಕೂರಲಿಲ್ಲ.

ದಾಖಲೆಯ ಈ ತಮಾಷೆ ಹೊರನಾಡಿನವರಿಗೆ ಹೊಸದಲ್ಲ. ಮಹಾರಾಷ್ಟ್ರದಲ್ಲಿ ಡೊಮಿಸೈಲ್ ಬೇಕೆಂದರೆ 15 ವರ್ಷ ಇದ್ದದ್ದಕ್ಕೆ ಪುರಾವೆ ತನ್ನಿ ಎನ್ನುತ್ತಾರೆ. ನನ್ನ ಮಗಳು ಪಿಯುಸಿ ಮುಗಿಸಿ ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಬೇಕೆಂದಾಗ, ಇಷ್ಟು ವರ್ಷ ಅಲ್ಲೇ ಓದಿರಬೇಕು ಎಂಬ ನಿಯಮ. ಇಲ್ಲವಾದರೆ ಗಡಿನಾಡು, ಹೊರನಾಡು ಕನ್ನಡಿಗರಿಗೆಂದು ಇಟ್ಟ ಕನ್ನಡ ಪರೀಕ್ಷೆ ಬರೆದು ತೋರಿಸಬೇಕು. ಮನೆಯಲ್ಲಿ ಅಜ್ಜಿಯ ಹತ್ತಿರ ಕನ್ನಡದಲ್ಲೇ ಜಗಳಾಡಿ ಬೆಳೆದ ಹುಡುಗಿ ಬೆಂಗಳೂರಿಗೆ ಹೋಗಿ, ಬೆಂಚಿನ ಮೇಲೆ ಕೂತು, ತಾನು ಕನ್ನಡದವಳು ಎಂದು ಪ್ರಬಂಧ ಬರೆದು ಬಂದಳು. ಪಾಸಾದಳೆನ್ನಿ. ದಾಖಲೆ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಮುಖ ನೋಡಿ ಯಾರಿಗೆ ಏನು ಗೊತ್ತಾಗುತ್ತದೆ? ಆದರೆ ದಾಖಲೆ ಹೇಳುವುದೇ ಒಂದು, ಇರುವುದೇ ಒಂದು ಆಗಬಹುದು ಎಂಬುದೂ ನಮಗೆ ಗೊತ್ತು.

ಮಾವ 2009ರಲ್ಲಿ ತೀರಿಕೊಂಡರು. ಟ್ರಂಕು ನನ್ನ ಮನೆಗೆ ಬಂತು. ಮಾವನ ಮಗಳು ಇರುವುದು ಕುಮಟೆಯಲ್ಲಿ, ಅಜ್ಜನ ಕಾಲದ ಹಂಚಿನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಒಬ್ಬ ಮಗನನ್ನು ಕಟ್ಟಿಕೊಂಡು ಮನೆ ನಡೆಸಿದವಳು. 2013ರ ಮಳೆಗಾಲ ಮುಗಿದ ಮೇಲೆ ಅವಳ ಫೋನು ಬಂತು. "ಬಾವ, ಪಡುಬದಿಯ ಮಾಡು ಪೂರ್ತಿ ಕೂತಿದೆ. ಪಕ್ಕಾಸು ರೀಪು ಎಲ್ಲ ಗೆದ್ದಲು ತಿಂದಿದೆ. ಅಪ್ಪನ ಆ ಕಾರ್ಡಿಗೆ ಏನಾದ್ರೂ ದುಡ್ಡು ಬರ್ತದಾ ನೋಡ್ತೀರಾ?" ಕಾರ್ಡು ಅವಳದ್ದೇ. ನಾನು ಬರೀ ಕಾವಲುಗಾರ.

ಮೊದಲು ಇಮೇಲಿನಲ್ಲಿ ಇಬ್ಬರು ಹಳೆಯ ಸಂಗ್ರಾಹಕರಿಗೆ ಚಿತ್ರ ಕಳಿಸಿದೆ. ಒಬ್ಬರು ಗಗಾರಿನ್ ಕೈಯೇ ಎಂದರು. ಇನ್ನೊಬ್ಬರು, ಹಾಗೇ ಕಾಣುತ್ತದೆ, ಆದರೆ ಹಿನ್ನೆಲೆ ಬೇಕು ಎಂದರು. ಆಮೇಲೆ ಫೋರ್ಟಿನಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಹೋದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಟಿಂಗ್ ಚಹಾ ತರಿಸಿದರು. "ಮಾಲು ಒಳ್ಳೇದಿದೆ ಸಾಬ್. ಆದರೆ ಕಥೆ ಕುಂಟ್ತಾ ಇದೆ. ನಿಮ್ಮ ಮಾವ ನೋಡಿಲ್ಲ, ಅವರ ಸಾಹೇಬರು ನೋಡಿದ್ದು. ಸಾಹೇಬರು ಈಗ ಇಲ್ಲ. ಹೀಗೇ ಆದ್ರೆ 35,000 ಕೊಡ್ತೇನೆ" ಎಂದರು. ಸ್ವಲ್ಪ ತಡೆದು, ಸಹಜವಾಗಿಯೇ ಹೇಳಿದರು: "ಸ್ಟ್ಯಾಂಪ್ ಪೇಪರಿನಲ್ಲಿ ಒಂದು ಅಫಿಡವಿಟ್ ಮಾಡಿ ತನ್ನಿ. ಗಗಾರಿನ್ ನನ್ನ ಮಾವನ ಕಣ್ಣೆದುರೇ ಸಹಿ ಹಾಕಿದ್ರು, ಮಾವನೇ ನನಗೆ ಹೇಳಿದ್ರು ಅಂತ. 90,000. ಯಾರಿಗೂ ಲುಕ್ಸಾನಿಲ್ಲ. ಸಹಿ ಅಂತೂ ಅಸಲಿಯೇ ಇದೆ ಅಲ್ವಾ?"

ಲೋಕಲ್ ಟ್ರೇನಿನಲ್ಲಿ ಡೊಂಬಿವಿಲಿಯ ತನಕ ಅದನ್ನೇ ಲೆಕ್ಕ ಹಾಕಿದೆ. 55,000 ರೂಪಾಯಿ ಎಂದರೆ ಪಡುಬದಿಯ ಮಾಡು ಪೂರ್ತಿ ಎದ್ದು ನಿಲ್ಲುತ್ತಿತ್ತು. ಸುಳ್ಳೂ ಎಷ್ಟು ಸಣ್ಣದು, "ಸಾಹೇಬರು" ಎಂಬಲ್ಲಿ "ಮಾವ" ಎಂದು ಬರೆದರೆ ಆಯಿತು. ಸಹಿ ನಿಜವೇ ಆಗಿದ್ದರೆ ಮೋಸ ಯಾರಿಗೆ? ಆದರೆ ಮಾವ ಆ ಕಥೆಯನ್ನು ನನಗೆ ನೂರು ಸಲವಾದರೂ ಹೇಳಿದ್ದಾರೆ. ಮದುವೆ ಮನೆಯಲ್ಲಿ, ಗಣೇಶೋತ್ಸವದ ಪಂಕ್ತಿಯಲ್ಲಿ, ಸಂಘದ ವಾರ್ಷಿಕೋತ್ಸವದಲ್ಲಿ. ಎದುರಿಗಿದ್ದವರು ಬಾಯಿಬಿಟ್ಟು ಕೇಳುವಾಗಲೂ ಒಂದು ಸಲವೂ "ನಾನು ನೋಡಿದೆ" ಎನ್ನಲಿಲ್ಲ. "ಟೋಪಿ ಕಂಡೆ, ಕೈ ಕಂಡೆ. ಸಹಿ ಹಾಕಿದ್ದು ಸಾಹೇಬರು ಕಂಡದ್ದು." ಒಂದೇ ಒಂದು ಮೆಟ್ಟಿಲೂ ಹತ್ತದೆ, ಇದ್ದಲ್ಲೇ ನಿಂತು ಹೇಳಿದರು.

ನಿರ್ಧಾರ ನನ್ನದಲ್ಲವಲ್ಲ. ಎರಡೂ ಬೆಲೆಯನ್ನು, ಎರಡಕ್ಕೂ ಏನು ಮಾಡಬೇಕೆಂಬುದನ್ನು ಅವಳಿಗೆ ಫೋನಿನಲ್ಲಿ ಹೇಳಿದೆ. "ಮಾಡು ನಿನ್ನದು ಮಾರಾಯ್ತಿ, ನೀನೇ ಹೇಳು" ಎಂದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಚೆಯಿಂದ ಬಾವಿಯ ಗಡಗಡೆಯ ಸದ್ದು ಕೇಳುತ್ತಿತ್ತು. ಆಮೇಲೆ, "ಅಪ್ಪ ನೋಡಿದೆ ಅಂತ ಹೇಳಿದ್ರೆ ನಂಗೂ ಚಂದ ಇರ್ತಿತ್ತು. ಹೇಳ್ಲಿಲ್ಲ. ಈಗ ಅವ್ರು ಹೋದ ಮೇಲೆ ಅವ್ರ ಬಾಯಲ್ಲಿ ನಾವು ಮಾತು ಇಡೂದು ಬೇಡ ಬಾವ. ಮೂವತ್ತೈದಕ್ಕೆ ಎಷ್ಟು ಹಂಚು ಬರ್ತದೋ ಅಷ್ಟೇ ಹೊದಿಸುವ" ಎಂದಳು.

ಒಂದು ಹಾಳೆಯ ಮೇಲೆ ಮಾವನ ಕಥೆಯನ್ನು ಅವರು ಹೇಳಿದ ಹಾಗೇ ಬರೆದೆ. ಯಾರು ನೋಡಿದರು, ಯಾರು ನೋಡಲಿಲ್ಲ, ಯಾವುದು ಕೇಳಿದ ಮಾತು, ಎಲ್ಲ. ಕೆಳಗೆ ತಾರೀಕು ಹಾಕಿ ಸಹಿ ಮಾಡಿದೆ. ವ್ಯಾಪಾರಿ ಓದಿ ತಲೆ ಅಲ್ಲಾಡಿಸಿ, "ನೀವು ಬ್ಯಾಂಕಿನವರು" ಎಂದು ನಕ್ಕರು. 35,000 ಎಣಿಸಿ ಕೊಟ್ಟರು. ಆ ಹಾಳೆಯನ್ನು ಕಾರ್ಡಿನ ಜೊತೆಗೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಂಡದ್ದನ್ನು ನೋಡಿ ನನಗೆ ಸಮಾಧಾನವಾಯಿತು. ಕಾರ್ಡು ಇನ್ನು ಯಾರ ಕೈಗೆ ಹೋದರೂ ಮಾವನ ಮಾತು ಅಳತೆ ತಪ್ಪದೆ ಜೊತೆಗೆ ಹೋಗುತ್ತದೆ. ಆ ವರ್ಷ ಅರ್ಧ ಮಾಡಿಗೆ ಹಂಚಾಯಿತು. ಉಳಿದರ್ಧಕ್ಕೆ ಎರಡು ವರ್ಷ ತಾಡಪತ್ರೆಯೇ ಗತಿ. ಆಮೇಲೆ ಅವಳ ಮಗ ಕೆಲಸಕ್ಕೆ ಸೇರಿ ಅದನ್ನೂ ಹೊದಿಸಿದ.

ಯಂತ್ರದ ಸಹಿಯ ಚಿತ್ರವನ್ನು ಅವಳೇ ಕೇಳಿ ಕುಮಟೆಗೆ ತರಿಸಿಕೊಂಡಳು. ಈಗ ಅದು ಜಗಲಿಯ ಗೋಡೆಯಲ್ಲಿದೆ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಆಕಾಶಕ್ಕೆ ಹೊರಟಾಗ ನಾನು ಅಲ್ಲೇ ಇದ್ದೆ. ರಾಕೇಶ್ ಶರ್ಮಾ ಆಗಿ 41 ವರ್ಷದ ಮೇಲೆ ನಮ್ಮವನೊಬ್ಬ ಹೋಗುತ್ತಿದ್ದ. ಹೊರಗೆ ಧೋ ಎಂದು ಮಳೆ. ಅವಳ ಮೊಮ್ಮಗ ಟಿವಿ ನೋಡಿ ಮುಗಿಸಿ, ಗೋಡೆಯ ಚಿತ್ರ ತೋರಿಸಿ, "ಅಜ್ಜ, ಇದು ಅವರೇ ಹಾಕಿದ ಸಹಿಯಾ?" ಎಂದು ಕೇಳಿದ. ಅಲ್ಲ ಎಂದೆ. ಯಂತ್ರ ಹೇಗೆ ಬರೆಯುತ್ತದೆ, ಗಾಜಿಗೆ ಹಿಡಿದು ಹೇಗೆ ಕಂಡುಹಿಡಿಯುವುದು ಎಂದು ಹೇಳಿಕೊಟ್ಟೆ. ಅವನಿಗೆ ಬೇಜಾರಾಗಲಿಲ್ಲ. "ಮುತ್ತಜ್ಜ ಕಾಗದ ಬರೆದದ್ದು ನಿಜ ಅಲ್ವಾ?" ಎಂದ. ಅದು ನಿಜ, ಲಕೋಟೆಯೂ ಇದೆ ಎಂದೆ.

ಮರುದಿನ ನೋಟ್‌ಬುಕ್ಕಿನ ಹಾಳೆ ಹರಿದು ಅವನೂ ಒಂದು ಕಾಗದ ಬರೆದ, ಶುಭಾಂಶು ಶುಕ್ಲಾ ಅವರಿಗೆ, ಕನ್ನಡದಲ್ಲೇ. ವಿಳಾಸಕ್ಕೆ ಬೆಂಗಳೂರಿನ ಇಸ್ರೊ ಎಂದು ಬರೆಸಿದೆ. ಉತ್ತರ ಬರಬಹುದು, ಬರದೆಯೂ ಇರಬಹುದು. ಕೈಯ ಸಹಿ ಬರಬಹುದು, ಯಂತ್ರದ್ದೂ ಬರಬಹುದು. ಕೊಡೆ ಹಿಡಿದುಕೊಂಡು ಹೋಗಿ, ಪೋಸ್ಟಾಫೀಸಿನ ಕೆಂಪು ಡಬ್ಬಿಗೆ ಅವನೇ ಹಾಕಿ ಬಂದ.